ಕಾರಿಗೆ ಜ್ವರ

"ನಲವತ್ತೊಂದಾಯ್ತು," ಎಂದ ಅಳಿಯ, ತಾನೇ ಏನೋ ತಪ್ಪು ಮಾಡಿದವನ ದನಿಯಲ್ಲಿ.

"ನಾನು ಹೇಳಲಿಲ್ವಾ?" ಸಿಸ್ಟರಮ್ಮ ಮಡಿಲಲ್ಲಿದ್ದ ಕೈಚೀಲವನ್ನು ಇನ್ನಷ್ಟು ಗಟ್ಟಿಯಾಗಿ ಅವುಚಿಕೊಂಡು ಸೀಟಿಗೆ ಬೆನ್ನು ಒರಗಿಸಿದರು. "ನಲವತ್ತೊಂದು ಅಂದ್ರೆ ವಾರ್ಡಲ್ಲಿ ನಾವು ಡಾಕ್ಟರನ್ನ ಕರೆಯೋಕೆ ಓಡ್ತಿದ್ವಿ. ಇಂಥ ಬಿಸಿಲಿಗೆ ಈ ವಯಸ್ಸಲ್ಲಿ ಇಳೀರಿ ಅಂತೀರಲ್ಲ."

ಕಾರು ನಿಂತಿದ್ದದ್ದು ಒಂದು ಹಸಿರು ಗೇಟಿನ ಮುಂದೆ. ಗೇಟಿನಿಂದ ಮನೆಯ ಬಾಗಿಲಿಗೆ ದೂರವೆಂದರೆ, ಒಂದು ಕೆಮ್ಮು ಕೆಮ್ಮಿ ಮುಗಿಸುವಷ್ಟರಲ್ಲಿ ತಲುಪಬಹುದು. ಅಷ್ಟು ದೂರ ನಡೆಯುವುದಕ್ಕೆ ಸಿಸ್ಟರಮ್ಮ ಮೀನಮೇಷ ಎಣಿಸುತ್ತ ಕೂತಿದ್ದರು. ಕಾರಿನ ಮುಂದಿನ ಫಲಕದ ಮೂಲೆಯಲ್ಲಿ ಪುಟ್ಟ ಥರ್ಮಾಮೀಟರಿನ ಚಿತ್ರ, ಅದರ ಪಕ್ಕ ನೀಲಿ ಅಂಕೆ. ಹೊರಗಿನ ಬಿಸಿ ಎಷ್ಟು ಅಂತ ಒಳಗೆ ಕೂತೇ ತಿಳಿಯಬಹುದು ಎಂದು ಅಳಿಯ ಹೊಸ ಕಾರು ತಂದ ದಿನದಿಂದ ಬಂದವರಿಗೆಲ್ಲ ತೋರಿಸಿದ್ದ. ಮೈಮರೆತು ಇವತ್ತು ಅತ್ತೆಗೂ ತೋರಿಸಿಬಿಟ್ಟಿದ್ದ.

ಮನೆ ಬಿಡುವಾಗ ಅದು ಮೂವತ್ತಮೂರು ಅಂದಿತ್ತು. ದಾರಿಯಲ್ಲಿ ಮೂವತ್ತನಾಲ್ಕು. ಈ ಗೇಟಿನ ಮುಂದೆ ಬಂದು ನಿಂತ ಮೇಲೆ ಅದಕ್ಕೇನಾಯಿತೋ, ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹತ್ತತೊಡಗಿತು. ಸಿಸ್ಟರಮ್ಮ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಅದು ಹತ್ತಿದಷ್ಟೂ ಅವರ ಎದೆ ಹಗುರಾಗುತ್ತಿತ್ತು.

ಅಳಿಯ ಇಂಜಿನ್ ಆಫ್ ಮಾಡಲು ಕೈ ಚಾಚಿದ. "ಆಫ್ ಮಾಡಬೇಡಿ, ಉಸಿರು ಕಟ್ಟುತ್ತೆ," ಎಂದರು. ಎಸಿ ಹಾಗೇ ಗುಂಯ್‌ಗುಡುತ್ತ ಉಳಿಯಿತು.

"ಹಾಗಾದ್ರೆ ಏನು ಮಾಡೋಣ ಅತ್ತೆ?"

"ಕಾಯೋಣ. ಅದು ಮೂವತ್ತೈದಕ್ಕೆ ಇಳೀಲಿ, ನಾನೂ ಇಳೀತೀನಿ. ಮಾತು ಅಂದ್ರೆ ಮಾತು."

ಅಳಿಯ ತಲೆಯಾಡಿಸಿದ. ಅವನು ಕನ್ನಡಕದ ಅಂಗಡಿಯವನು. ಅಕ್ಷರ ಕಾಣುತ್ತಾ, ಈಗ ಕಾಣುತ್ತಾ, ಈಗ ಇನ್ನೂ ಚೆನ್ನಾಗಿ ಕಾಣುತ್ತಾ ಎಂದು ಬೇಸರವಿಲ್ಲದೆ ದಿನವಿಡೀ ಕೇಳುವವನು. ಅಂಥ ತಾಳ್ಮೆ ಇಲ್ಲದಿದ್ದರೆ ಈ ಅತ್ತೆಯ ಜೊತೆ ಇಷ್ಟು ವರ್ಷ ಬಾಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಈ ಪ್ರಯಾಣಕ್ಕೆ ಕಾರಣವೂ ಅವನ ಅಂಗಡಿಯೇ. ಕಳೆದ ವಾರ ಚಿಕ್ಕತ್ತೆ, ಅಂದರೆ ಸಿಸ್ಟರಮ್ಮನ ಒಬ್ಬಳೇ ತಂಗಿ, ತಾನಾಗಿ ಅಂಗಡಿಗೆ ಬಂದಿದ್ದಳು. ಊರಲ್ಲಿ ಬೇರೆ ಕನ್ನಡಕದ ಅಂಗಡಿಗಳಿಲ್ಲವೇ, ಬೇಕಾದಷ್ಟಿವೆ. ಇವನ ಅಂಗಡಿಗೇ ಬಂದಳು. ಕಣ್ಣು ತೋರಿಸಿ, ಫ್ರೇಮು ಆರಿಸಿ, ಹೊರಡುವಾಗ ಬಾಗಿಲ ಹತ್ತಿರ ನಿಂತು, "ಕನ್ನಡಕ ಮನೆಗೇ ತಂದುಕೊಡು. ಬರೋವಾಗ ಯಾರನ್ನಾದ್ರೂ ಕರ್ಕೊಂಡು ಬರೋ ಹಾಗಿದ್ರೆ ಕರ್ಕೊಂಡು ಬಾ. ಹೊರಟೆ ಅಂತ ಫೋನೇನೂ ಮಾಡ್ಬೇಡ, ನಾನು ಮನೇಲೇ ಇರ್ತೀನಿ," ಎಂದು ಗೋಡೆಗೆ ಹೇಳುವವಳ ಹಾಗೆ ಹೇಳಿ ಹೋಗಿದ್ದಳು.

ಅಳಿಯ ಅದನ್ನು ಮನೆಗೆ ಬಂದು ಹೇಳಿದಾಗ ಸಿಸ್ಟರಮ್ಮ ಕೈಯಲ್ಲಿದ್ದ ಲೋಟವನ್ನು ಎರಡು ಸಲ ತೊಳೆದರು. ರಾತ್ರಿ ಊಟ ಅರ್ಧಕ್ಕೇ ಬಿಟ್ಟರು. ಬೆಳಗ್ಗೆ ಎದ್ದವರೇ, "ಕನ್ನಡಕ ಯಾವಾಗ ರೆಡಿ ಆಗುತ್ತಂತೆ?" ಎಂದು ಯಾರಿಗೂ ಅಲ್ಲವೆಂಬಂತೆ ಕೇಳಿದರು.

ಊರಿಗೆಲ್ಲ ಅವರು ಸಿಸ್ಟರೇ. ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದವರು, ಕೈ ಮುರಿದುಕೊಂಡು ಬಂದವರು, ಅವರ ಮಕ್ಕಳು, ಆ ಮಕ್ಕಳ ಮಕ್ಕಳು, ಎಲ್ಲರ ಬಾಯಲ್ಲೂ ಸಿಸ್ಟರ್, ಸಿಸ್ಟರಮ್ಮ. ನಿವೃತ್ತಿಯಾದ ಮೇಲೂ ತರಕಾರಿ ಅಂಗಡಿಯಲ್ಲಿ ಯಾರೋ ಒಬ್ಬರು, "ಸಿಸ್ಟರ್, ಮಗೂಗೆ ಮೈ ಬಿಸಿ," ಎಂದು ಹಿಡಿದು ನಿಲ್ಲಿಸುತ್ತಿದ್ದರು. ಒಡಹುಟ್ಟಿದ ಸಿಸ್ಟರ್ ಒಬ್ಬಳು ಮಾತ್ರ ಅವರ ಮಗಳ ಮದುವೆಯ ದಿನದಿಂದ ಅವರನ್ನು ಏನೆಂದೂ ಕರೆದಿರಲಿಲ್ಲ. ಆ ಮಗಳ ಮಗು ಈಗ ಹಲ್ಲು ಬಿದ್ದ ಬಾಯಲ್ಲಿ ಮಗ್ಗಿ ಹೇಳುತ್ತದೆ.

ಮದುವೆಯ ಬೆಳಗ್ಗೆ ತಂಗಿ ಒಳಗಿನ ಕೋಣೆಯಲ್ಲಿ ಮಲಗಿದ್ದಳು. "ಮೈ ಸುಡ್ತಾ ಇದೆ ಅಕ್ಕ, ಏಳೋಕೇ ಆಗ್ತಿಲ್ಲ," ಎಂದಿದ್ದಳು. ಹೊರಗೆ ಗಂಡಿನ ಕಡೆಯವರು ಬಂದಿಳಿದಿದ್ದರು. ಸಿಸ್ಟರಮ್ಮನಿಗೆ ಹತ್ತು ಕೈಯಿದ್ದರೂ ಸಾಲದ ಹೊತ್ತು. ಅವಸರದಲ್ಲೇ ತಂಗಿಯ ನಾಲಿಗೆಯಡಿ ಥರ್ಮಾಮೀಟರ್ ಇಟ್ಟು, ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಅದರಲ್ಲಿ ಜ್ವರ ಕಾಣಲಿಲ್ಲ. ಬಾಗಿಲಲ್ಲಿ ಬೀಗಿತ್ತಿ, ಬೀಗಿತ್ತಿಯ ಅಕ್ಕತಂಗಿಯರು ಇಣುಕುತ್ತಿದ್ದರು. "ಏನೂ ಇಲ್ಲ, ಎದ್ದೇಳು. ನಂಬರ್ ಸುಳ್ಳು ಹೇಳಲ್ಲ. ಇದು ನಿನ್ನ ಸ್ಕೂಲಲ್ಲ, ನಾಟಕ ಸಾಕು," ಎಂದುಬಿಟ್ಟರು, ಎಲ್ಲರೆದುರು.

ಬೇರೆ ಯಾರಿಗಾದರೂ ಅಂದಿದ್ದರೆ ಆ ಮಾತು ಸಂಜೆಯೊಳಗೆ ಮರೆತುಹೋಗುತ್ತಿತ್ತೇನೋ. ತಂಗಿ ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಟೀಚರ್. ಅದನ್ನೇ ಅನ್ನ, ಅದನ್ನೇ ಉಸಿರು ಮಾಡಿಕೊಂಡವಳು. ಅವಳು ಮಾತಾಡದೆ ಎದ್ದಳು, ಮುಖ ತೊಳೆದಳು. ಇಡೀ ದಿನ ನಗುನಗುತ್ತ ಓಡಾಡಿದಳು, ಫೋಟೋಗಳಿಗೆಲ್ಲ ನಿಂತಳು. ಸಂಜೆ ಕೈ ತೊಳೆಯಲು ಹೋದವಳು ನಲ್ಲಿಯ ಹತ್ತಿರ ಕುಸಿದುಬಿದ್ದಳು. ಟೈಫಾಯಿಡ್. ಸಿಸ್ಟರಮ್ಮ ತಮ್ಮದೇ ಆಸ್ಪತ್ರೆಯಲ್ಲಿ ಅವಳ ಮಂಚದ ಬಳಿ ನಿಂತರೆ ತಂಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವತ್ತು ತಿರುಗಿದ ಮುಖವನ್ನು ಮತ್ತೆ ಈಚೆ ತಿರುಗಿಸಿರಲಿಲ್ಲ. ಈಗ ತಿರುಗಿಸಿದ್ದಾಳೆ, ಬಾ ಅಂದಿದ್ದಾಳೆ. ಇವತ್ತು ಇಳಿಯದೆ ಹಿಂದಿರುಗಿದರೆ ಅವಳು ಇನ್ನೊಂದು ಸಲ ಕರೆಯುವ ಪೈಕಿಯಲ್ಲ ಎನ್ನುವುದು ಸಿಸ್ಟರಮ್ಮನಿಗೆ ಚೆನ್ನಾಗಿ ಗೊತ್ತು. ಎಷ್ಟೆಂದರೂ ತಮ್ಮದೇ ರಕ್ತವಲ್ಲವೇ, ಅದೇ ಹಟ.

"ನಲವತ್ತೆರಡು," ಎಂದ ಅಳಿಯ.

"ರಾಮ ರಾಮ," ಎಂದರು ಸಿಸ್ಟರಮ್ಮ, ಸಮಾಧಾನದಿಂದ.

ಆಗ ಹಿಂದಿನಿಂದ ಹಾರ್ನ್ ಕೇಳಿಸಿತು. ನೀರಿನ ಟ್ಯಾಂಕರೊಂದು ಬಂದು ನಿಂತಿತ್ತು. ಬೀದಿ ಕಿರಿದು, ಕಾರು ಸರಿಯದೆ ಅದು ಮುಂದೆ ಹೋಗುವಂತಿರಲಿಲ್ಲ. "ಒಂದು ರೌಂಡ್ ಹಾಕ್ಕೊಂಡು ಬರ್ತೀನಿ ಅತ್ತೆ," ಎಂದು ಅಳಿಯ ಕಾರು ಬಿಟ್ಟ. ಬೀದಿಯ ಕೊನೆಯಲ್ಲಿ ತಿರುಗಿ, ಆಟದ ಮೈದಾನದ ಪಕ್ಕದ ಅಗಲವಾದ ರಸ್ತೆಗೆ ಬಿದ್ದಾಗ ಕಾರಿಗೆ ಸ್ವಲ್ಪ ವೇಗ ಬಂತು.

"ಅತ್ತೆ, ನಲವತ್ತು!"

ಸಿಸ್ಟರಮ್ಮ ಬಗ್ಗಿ ನೋಡಿದರು. ಹೌದು, ನಲವತ್ತು. ನೋಡುತ್ತಿದ್ದಂತೆ ಮೂವತ್ತೊಂಬತ್ತು. ಮೈದಾನ ದಾಟುವಷ್ಟರಲ್ಲಿ ಮೂವತ್ತೇಳು.

"ಏನಿದು, ಇಷ್ಟು ಬೇಗ ಬಿಸಿಲು ಇಳಿಯುತ್ತಾ ಎಲ್ಲಾದರೂ? ಕೆಟ್ಟುಹೋಗಿದೆ ನಿಮ್ಮ ಯಂತ್ರ."

"ಆಗ ನಲವತ್ತೊಂದು ಅಂದಾಗ ಸರಿ ಇತ್ತಲ್ಲ ಅತ್ತೆ," ಎಂದ ಅಳಿಯ, ಅತ್ಯಂತ ವಿನಯದಿಂದ.

ಬೀದಿಗೆ ಮತ್ತೆ ತಿರುಗಿದಾಗ ಮೂವತ್ತಾರು. ಹಸಿರು ಗೇಟು ಬಂತು, ಕಾರು ನಿಂತಿತು. ಅಂಕೆ ಕೊಂಚ ಹೊತ್ತು ಅಲ್ಲೇ ಇತ್ತು. ಆಮೇಲೆ ಮೂವತ್ತೇಳು. ಮತ್ತೆ ಮೂವತ್ತೆಂಟು.

"ನೋಡಿದ್ರಾ? ಅವಳ ಮನೆ ಮುಂದೆ ಮಾತ್ರ ಬಿಸಿ," ಎಂದರು ಸಿಸ್ಟರಮ್ಮ. "ಚಿಕ್ಕಂದಿನಿಂದ ಅವಳ ಸ್ವಭಾವವೇ ಹಾಗೆ."

ಅಳಿಯನಿಗೆ ನಗು ಬಂತು, ನುಂಗಿಕೊಂಡ. ಆದರೆ ಈಗ ಅವನಿಗೂ ಹುರುಪು ಹತ್ತಿತ್ತು. ಈ ಇಬ್ಬರು ಮಾತು ಬಿಟ್ಟದ್ದು ತನ್ನ ಮದುವೆಯ ದಿನ ಎನ್ನುವುದು ಅವನಿಗೆ ಯಾವಾಗಲೂ ಕಾಲಲ್ಲಿ ಮುರಿದ ಮುಳ್ಳಿನ ಹಾಗೆ. ಮದುವೆಯ ಆಲ್ಬಮ್ಮಿನಲ್ಲಿ ಚಿಕ್ಕತ್ತೆ ನಗುತ್ತಿರುವ ಪುಟ ಬಂದಾಗಲೆಲ್ಲ ಅವನು ಬೇಗ ಮಗುಚಿಹಾಕುತ್ತಿದ್ದ. ಕೇಳದೆಯೇ ಇನ್ನೊಂದು ರೌಂಡಿಗೆ ಕಾರು ತಿರುಗಿಸಿದ. ಮೈದಾನದ ರಸ್ತೆಯ ನಡುವೆ ಅಂಕೆ ಮೂವತ್ತೈದಕ್ಕೆ ಬಂತು.

"ಮೂವತ್ತೈದು! ಅತ್ತೆ, ಮಾತು ಅಂದ್ರೆ ಮಾತು."

"ಇಲ್ಲಿ ಇಳಿದು ನಾನೇನು ಫುಟ್‌ಬಾಲ್ ಆಡ್ಲಾ?"

ಹಿಂದಿರುಗಿ ಗೇಟಿನ ಮುಂದೆ ನಿಂತರೆ ಮತ್ತೆ ಏರಿಕೆ. ಮೂರನೆಯ ರೌಂಡಿನಲ್ಲೂ ಅದೇ ಕಥೆ. ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ಇವರನ್ನು ನೋಡತೊಡಗಿದಳು. ಹಸಿರು ಗೇಟಿನ ಮನೆಯ ಕಿಟಕಿಯ ಪರದೆಯೂ ಒಂದು ಸಲ ಅಲುಗಿದಂತಾಯಿತು.

ಅಳಿಯ ಏನೋ ಹೊಳೆದವನಂತೆ ಬಾಗಿಲು ತೆರೆದು ಇಳಿದ. ಕಾರಿನ ಮೂತಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಬಂಪರಿನ ಜಾಲರಿಯ ಹತ್ತಿರ ಅಂಗೈ ಒಡ್ಡಿದ. ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಎದ್ದು ನಿಂತು, ಬೀದಿಯಲ್ಲಿ ಸುಮ್ಮನೆ ಎರಡು ಹೆಜ್ಜೆ ಆಚೆ ಈಚೆ ನಡೆದ. ಅವನ ಅಂಗಿ ಗಾಳಿಗೆ ಪಟಪಟ ಅಂದಿತು. ಒಳಗೆ ಬಂದು ಕೂತಾಗ ಮುಖ ಸ್ವಲ್ಪ ಪೆಚ್ಚಾಗಿತ್ತು.

"ಹೊರಗೆ ಅಷ್ಟೇನೂ ಬಿಸಿ ಇಲ್ಲ ಅತ್ತೆ. ಗಾಳಿನೂ ಇದೆ."

"ಮತ್ತೆ ಇದು?"

"ಇದು..." ಅವನು ತನ್ನ ಪ್ರೀತಿಯ ನೀಲಿ ಅಂಕೆಯನ್ನು ನೋಡಿದ. "ಶೋರೂಮಿನವನು ಏನೋ ಹೇಳ್ತಿದ್ದ, ನಾನು ಆಗ ಸೀಟಿನ ಬಣ್ಣ ನೋಡ್ತಾ ಇದ್ದೆ. ಈಗ ಅರ್ಥ ಆಯ್ತು."

"ಇದರ ಥರ್ಮಾಮೀಟರ್ ಎಲ್ಲಿಟ್ಟಿರ್ತಾರೆ?" ಎಂದು ಕೇಳಿದರು ಸಿಸ್ಟರಮ್ಮ. ಅದುವರೆಗೆ ಅವರಿಗೆ ಆ ಪ್ರಶ್ನೆ ಕೇಳಬೇಕೆಂದೇ ಅನಿಸಿರಲಿಲ್ಲ. ಹೊಸಬರು ಯಾರಾದರೂ ವಾರ್ಡಿನಲ್ಲಿ ಜ್ವರದ ಅಂಕೆ ಹೇಳಿದರೆ ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಅದು, ಬಾಯಲ್ಲಿ ಇಟ್ಟಿರಾ, ಕಂಕುಳಲ್ಲಿ ಇಟ್ಟಿರಾ ಎಂದು.

"ಮುಂದೆ, ಬಂಪರ್ ಹಿಂದೆ. ಕಾರು ಓಡ್ತಾ ಇದ್ರೆ ಅದಕ್ಕೆ ಎದುರು ಗಾಳಿ ಬಡಿಯುತ್ತೆ, ಸರಿಯಾಗಿ ತೋರಿಸುತ್ತೆ. ಸುಮ್ನೆ ನಿಂತ್ರೆ ಇಂಜಿನ್ ಬಿಸಿ ಅಲ್ಲೇ ಸುತ್ಕೊಳ್ಳುತ್ತೆ, ಟಾರ್ ರಸ್ತೆ ಬಿಸಿ ಬೇರೆ. ಎಸಿ ಜೋರು ಮಾಡಿದಷ್ಟೂ ಮುಂದೆ ಇನ್ನೂ ಕಾವು. ನಾವು ಇಳಿಯುತ್ತೆ ಇಳಿಯುತ್ತೆ ಅಂತ ಕಾದಷ್ಟೂ ಅದು ಏರ್ತಾನೇ ಇರುತ್ತೆ."

"ಅಂದ್ರೆ ಇದು ಇಷ್ಟು ಹೊತ್ತು ಊರಿನ ಜ್ವರ ನೋಡ್ತಿರಲಿಲ್ಲ."

"ಇಲ್ಲ ಅತ್ತೆ."

"ತನ್ನ ಜ್ವರಾನೇ ತಾನು ನೋಡ್ಕೊಂಡು ಊರಿಗೆ ಹೇಳ್ತಾ ಇತ್ತು."

ಅಳಿಯ ಜೋರಾಗಿ ನಕ್ಕುಬಿಟ್ಟ. ಅತ್ತೆಯೂ ನಗುತ್ತಾರೆ ಎಂದುಕೊಂಡಿದ್ದ. ಅವರು ನಗಲಿಲ್ಲ. ಕೈಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಕೂತರು.

ಒಂದು ಗಾಜಿನ ಲೋಟ ಅವರ ಕಣ್ಣೆದುರು ಬಂದು ನಿಂತಿತ್ತು. ಮದುವೆಯ ಬೆಳಗ್ಗೆ ಆ ಒಳಕೋಣೆಯ ಕಿಟಕಿಯಲ್ಲಿದ್ದ ಲೋಟ. ತಳದಲ್ಲಿ ಇನ್ನೂ ಕರಗದ ಐಸಿನ ಚೂರು, ಹೊರಮೈಯೆಲ್ಲ ಬೆವರು. ಬಾಯಾರಿಕೆ ತಡೆಯದೆ ತಂಗಿ ಆಗಷ್ಟೇ ಕುಡಿದಿಟ್ಟದ್ದು. ಐಸ್ ನೀರು ಕುಡಿದ ಬಾಯಲ್ಲಿ ಥರ್ಮಾಮೀಟರ್ ಇಟ್ಟರೆ ಅದು ನೀರಿನ ತಂಪು ಹೇಳುತ್ತದೆ, ಮೈಯ ಬಿಸಿ ಹೇಳುವುದಿಲ್ಲ. ಈ ಪಾಠವನ್ನು ಎಷ್ಟು ಹುಡುಗಿಯರಿಗೆ ಅವರೇ ಹೇಳಿಕೊಟ್ಟಿಲ್ಲ! ಲೋಟ ಕಣ್ಣಿಗೆ ಬಿದ್ದಿತ್ತು. ತಲೆಗೆ ಹೋಗಿರಲಿಲ್ಲ. ತಲೆಗೆ ಹೋದದ್ದು ಸಂಜೆ, ಆಂಬುಲೆನ್ಸಿನಲ್ಲಿ ತಂಗಿಯ ಕೈ ಹಿಡಿದು ಕೂತಾಗ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಮಗಳಿಗೂ ಇಲ್ಲ. ಇಷ್ಟು ವರ್ಷ ಸರ್ವೀಸಾದ ಸಿಸ್ಟರು ಜ್ವರ ನೋಡುವುದರಲ್ಲಿ ತಪ್ಪಿದರು ಎಂದು ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ಅವಳಿಗೇ ಕೋಪ, ಅವಳಿಗೇ ಹಟ ಎಂದು ಊರಿಗೆ ಹೇಳಿಕೊಂಡು ಓಡಾಡಿದ್ದರು. ಈಗ ಅವರಿಗೆ ತಮ್ಮ ಬಗ್ಗೆಯೇ ನಾಚಿಕೆಯಾಯಿತು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಪಕ್ಕದ ಗಾಜಿನ ಮೇಲೆ ಟಪಟಪ ಬಡಿತ.

"ಯಾರ್ರೀ ಅದು? ಆಗ್ಲಿಂದ ನೋಡ್ತಾ ಇದೀನಿ, ನನ್ನ ಮನೆ ಮುಂದೆ ಗಿರಕಿ ಹೊಡೀತಿದೀರಿ. ಅಡ್ರೆಸ್ ಬೇಕಾ, ಏಟು ಬೇಕಾ?"

ಗಾಜು ಮುಚ್ಚಿದ್ದರೂ ಆ ದನಿ ಕಾರಿನೊಳಗೆ ತುಂಬಿತು. ಕೊನೆಯ ಸಾಲಿನವರಿಗೂ ಕೇಳಿಸಬೇಕೆಂದು ಮಕ್ಕಳಿಗೆ ಕಲಿಸಿ ಕಲಿಸಿ ಹದವಾದ ದನಿ. ತಂಗಿ ಒಂದು ಕೈಯಲ್ಲಿ ಮಡಿಸಿದ ಛತ್ರಿಯನ್ನು ದೊಣ್ಣೆಯಂತೆ ಹಿಡಿದು, ಇನ್ನೊಂದು ಕೈಯನ್ನು ಹುಬ್ಬಿಗೆ ಅಡ್ಡ ಇಟ್ಟು ಒಳಗೆ ಇಣುಕುತ್ತಿದ್ದಳು. ಕನ್ನಡಕವಿಲ್ಲದ ಕಣ್ಣಿಗೆ ಒಳಗೆ ಕೂತವರು ಬರೀ ಮಸುಕು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಾರೂ ಇದನ್ನು ನನಗೆ ಹೇಳಲೇ ಇಲ್ಲವಲ್ಲ ಎಂದುಕೊಂಡರು ಸಿಸ್ಟರಮ್ಮ.

ಅವರು ಗಾಜು ಇಳಿಸಿದರು. ಇಬ್ಬರ ಮುಖಕ್ಕೂ ಒಂದು ಗೇಣು ದೂರ. ತಂಗಿಯ ಛತ್ರಿ ನಿಧಾನವಾಗಿ ಕೆಳಗಿಳಿಯಿತು. ಅವಳು ಬಾಯಿ ತೆರೆಯುವ ಮೊದಲೇ, ತಮ್ಮ ಧೈರ್ಯ ಎಲ್ಲಿ ಕೈಕೊಡುತ್ತದೋ ಎಂದು, ಸಿಸ್ಟರಮ್ಮ ಒಂದೇ ಉಸಿರಿಗೆ ಹೇಳಿದರು:

"ಅವತ್ತು ನೀನು ಐಸ್ ನೀರು ಕುಡಿದಿದ್ದೆ. ಲೋಟ ಕಿಟಕೀಲಿತ್ತು. ನಾನು ನೋಡಿದ್ದೆ ಕಣೇ. ನೋಡಿನೂ ಥರ್ಮಾಮೀಟರ್ ಇಟ್ಟೆ. ಜ್ವರ ಇತ್ತು ನಿಂಗೆ, ನಾಟಕ ಅಲ್ಲ. ತಪ್ಪು ನಂದು."

ಎಸಿಯ ತಣ್ಣನೆ ಗಾಳಿ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು, ಹೊರಗಿನ ಬೆಚ್ಚನೆ ಗಾಳಿ ಒಳಗೆ ಬರುತ್ತಿತ್ತು. ಅಳಿಯ ಸ್ಟೀರಿಂಗಿನ ಮೇಲೆ ಕೈಯಿಟ್ಟು ಉಸಿರು ಬಿಗಿಹಿಡಿದು ಎದುರಿಗೇ ನೋಡುತ್ತಿದ್ದ. ಎದುರು ಮಹಡಿಯ ಹೆಂಗಸು ಬಟ್ಟೆ ಒಣಹಾಕುವುದನ್ನು ಪೂರ್ತಿ ಬಿಟ್ಟುಬಿಟ್ಟಿದ್ದಳು.

"ಇಷ್ಟು ಹೇಳೋಕೆ ಇಷ್ಟೊಂದು ಸುತ್ತು ಹಾಕ್ಬೇಕಿತ್ತಾ?" ಎಂದಳು ತಂಗಿ ಕೊನೆಗೆ.

"ಬಿಸಿಲು ಜಾಸ್ತಿ ಇತ್ತು."

"ಎಲ್ಲಿದೆ ಬಿಸಿಲು? ಇಳಿ ಕೆಳಗೆ, ಅಕ್ಕ."

ಸಿಸ್ಟರಮ್ಮ ಇಳಿದರು. ಅಂಕೆ ಎಷ್ಟಿತ್ತೋ ಅವರು ನೋಡಲಿಲ್ಲ. ನೋಡಿದ್ದರೂ ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ಅವರಿಗೆ ಅದು ಕಾಣುತ್ತಿರಲಿಲ್ಲ. ಅಳಿಯ ಓಡಿ ಬಂದು ಗೇಟಿನ ಹತ್ತಿರವೇ ಕನ್ನಡಕ ಕೊಟ್ಟ. ತಂಗಿ ಹಾಕಿಕೊಂಡು, ಅಕ್ಕನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು.

"ಎಷ್ಟು ಮುದುಕಿ ಆಗ್ಬಿಟ್ಟಿದೀಯಲ್ಲೇ."

"ಕನ್ನಡಕ ಸರಿಯಾಗಿದೆ ಹಾಗಾದ್ರೆ," ಎಂದು ಸಿಸ್ಟರಮ್ಮ ಅಳಿಯನಿಗೆ ಹೇಳಿದರು.

ಅಳಿಯ, ಕಾರನ್ನು ನೆರಳಿಗೆ ಹಾಕಿ ಬರುತ್ತೇನೆ ಎಂದು ಹೋದ. ಬೇಕೆಂದೇ ತಡಮಾಡಿದ. ಮೈದಾನದ ಸುತ್ತ ಇನ್ನೊಂದು ರೌಂಡು ಹಾಕಿ, ಹೆಂಡತಿಗೆ ಫೋನ್ ಮಾಡಿ, "ಇಳಿದ್ರು," ಎಂದು ಒಂದೇ ಮಾತು ಹೇಳಿದ. ಆ ಕಡೆಯಿಂದ ಬಂದ ಕೂಗಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಒಳಗೆ ತಂಗಿಯ ಹಜಾರದ ತುಂಬ ಮಕ್ಕಳ ನಾಟಕದ ಸಾಮಾನು. ರಟ್ಟಿನ ಕಿರೀಟ, ಬಣ್ಣ ಬಳಿದ ಮರ, ಒಂದು ಕಡೆ ಕಿವಿಯಿಲ್ಲದ ಮೊಲದ ಮುಖವಾಡ. ಸಿಸ್ಟರಮ್ಮ ಕೂರಲು ಜಾಗ ಹುಡುಕಿ, ಸಿಂಹದ ಬಾಲವನ್ನು ಪಕ್ಕಕ್ಕೆ ಸರಿಸಿ ಕೂತರು. ತಂಗಿ ನೀರು ತಂದುಕೊಟ್ಟಳು. ಮಗು ಯಾವ ತರಗತಿ, ಮಂಡಿನೋವಿಗೆ ಏನು ಮಾಡ್ತೀಯ, ನಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತೆ ಎಂದು ಮಾತು ಬಂತು. ಮೊದಮೊದಲು ತಡವರಿಸಿತು. ಆಮೇಲೆ ಇಬ್ಬರೂ ಒಟ್ಟೊಟ್ಟಿಗೇ ಮಾತಾಡತೊಡಗಿದರು, ಚಿಕ್ಕಂದಿನಲ್ಲಿ ಆಡುತ್ತಿದ್ದ ಹಾಗೆ, ಒಬ್ಬರ ಮಾತು ಇನ್ನೊಬ್ಬರು ಕೇಳದೆ, ಆದರೂ ಎಲ್ಲ ಕೇಳಿಸಿಕೊಂಡು.

ಮಾತಿನ ನಡುವೆ ತಂಗಿ ಇದ್ದಕ್ಕಿದ್ದಂತೆ ಒಂದು ಕೈಯ ಹಿಂಬದಿಯನ್ನು ಹಣೆಗೆ ಒತ್ತಿಕೊಂಡಳು. ಕಣ್ಣು ಅರ್ಧ ಮುಚ್ಚಿದಳು. ಶಾಲೆಯ ಹುಡುಗರು ಹಾಗೆ ಮಾಡಿದ್ದರೆ, ಇಷ್ಟು ಅತಿ ಮಾಡಬೇಡಿ ಎಂದು ಅವಳೇ ಗದರಿಸುತ್ತಿದ್ದಳು.

"ಬೆಳಗ್ಗೆಯಿಂದ ಯಾಕೋ ಮೈ ಬಿಸಿ ಆದಂಗಿದೆ ಅಕ್ಕ," ಎಂದಳು ಕ್ಷೀಣವಾಗಿ. ಹೊಸ ಕನ್ನಡಕದ ಅಂಚಿನಿಂದ ಅಕ್ಕನನ್ನೇ ನೋಡುತ್ತಿದ್ದಳು.

ಸಿಸ್ಟರಮ್ಮ ಅವಳ ಮುಖ ನೋಡಿದರು. ಕೆನ್ನೆಯಲ್ಲಿ ಕೆಂಪಿರಲಿಲ್ಲ, ತುಟಿ ಒಣಗಿರಲಿಲ್ಲ, ಉಸಿರು ನೆಟ್ಟಗೆ ಆಡುತ್ತಿತ್ತು. ಇಡೀ ಆಯುಷ್ಯ ಇದನ್ನೇ ನೋಡಿದ ಕಣ್ಣಿಗೆ ಇಷ್ಟು ತಿಳಿಯದೇ?

"ಹೌದಾ? ಹಾಗಾದ್ರೆ ಮಲಕ್ಕೋ."

"ಮುಟ್ಟಿ ನೋಡಲ್ವಾ?"

"ಏನು ನೋಡೋದು? ನೀನು ಹೇಳಿದೆಯಲ್ಲ."

ತಂಗಿ ಕನ್ನಡಕ ತೆಗೆದಿಟ್ಟು, ದಿವಾನದ ಮೇಲೆ ಕಾಲು ಚಾಚಿ, ಅಕ್ಕನ ಕಡೆಗೇ ಮುಖ ಮಾಡಿ ಮಲಗಿದಳು. ಕಣ್ಣು ಮುಚ್ಚಿದ್ದರೂ ತುಟಿಯ ಕೊನೆ ಅದುರುತ್ತಿತ್ತು. ಸಿಸ್ಟರಮ್ಮ ಎದ್ದು, ಕುರ್ಚಿಯ ಮೇಲೆ ಮಡಿಸಿಟ್ಟಿದ್ದ ದಪ್ಪ ಹೊದಿಕೆಯನ್ನು ಬಿಡಿಸಿ, ಆ ಸೆಖೆಯಲ್ಲಿ, ಅವಳ ಕತ್ತಿನವರೆಗೆ ಹೊದಿಸಿ, ಅಂಚುಗಳನ್ನು ಸುತ್ತಲೂ ಒಳಕ್ಕೆ ಸಿಕ್ಕಿಸತೊಡಗಿದರು.